ಹಸಿರು ದೀಪ ಹತ್ತಿಸಿದ ತಂತಿ

ವಾಹನ ಯಾವುದೇ ಇರಲಿ, ಅದು ಮನೆಯಿಂದ ಹೊರಡುವ ಮುಂಚೆ ನನ್ನ ಅತ್ತೆ ಅದರ ಮುಂದಿನ ಗಾಲಿಗೆ ವಿಭೂತಿ ಹಚ್ಚುತ್ತಾರೆ. ಎತ್ತಿನ ಗಾಡಿಯ ಕಾಲದಿಂದ ಬಂದ ರೂಢಿ. ಚಪ್ಪಲಿ ಬಿಟ್ಟು, ಬೆರಳನ್ನು ನೀರಿನಲ್ಲಿ ಅದ್ದಿ, ವಿಭೂತಿ ಗಟ್ಟಿಯ ಮೇಲೆ ಉಜ್ಜಿ, ಗಾಲಿಯ ನಡುವೆ ಮೂರು ಗೆರೆ ಎಳೆಯುತ್ತಾರೆ. ಟ್ರ್ಯಾಕ್ಟರಿಗೂ ಹಾಗೆಯೇ, ಮೈದುನನ ಬೈಕಿಗೂ ಹಾಗೆಯೇ. ಆ ಸೋಮವಾರ ಬೆಳಿಗ್ಗೆ ಅವರ ಒದ್ದೆ ಕೈ ನಮ್ಮ ಕಾರಿನ ಗಾಲಿಗೆ ಗೇಣು ದೂರದಲ್ಲಿತ್ತು. ಅಲ್ಲಿಯವರೆಗೆ ಏನೇನಾಯಿತು ಎಂಬುದನ್ನು ಆದ ಕ್ರಮದಲ್ಲೇ ಬರೆಯಲು ಪ್ರಯತ್ನಿಸುತ್ತೇನೆ.

ನಾವು ಇರುವುದು ತುಮಕೂರಿನಲ್ಲಿ, ಬಾಡಿಗೆ ಮನೆಯ ಮೂರನೇ ಮಹಡಿಯಲ್ಲಿ. ನನ್ನ ಕೆಲಸ ಗುಬ್ಬಿಯ ಒಂದು ಲ್ಯಾಬಿನಲ್ಲಿ. ದಿನಾ ಹೋಗಿ ಬರಲು ಇದ್ದ ಪೆಟ್ರೋಲ್ ಕಾರು ಹಳತಾಗಿ, ಅದನ್ನು ಕೊಟ್ಟು ಎಲೆಕ್ಟ್ರಿಕ್ ಕಾರು ತಂದೆವು. ಕಾರು ಚೆನ್ನಾಗಿತ್ತು. ಚಾರ್ಜ್ ಮಾಡಲು ಜಾಗ ಇರಲಿಲ್ಲ. ಕೆಳಗಿನವರೆಗೆ ವೈರ್ ಎಳೆಯಲು ಮನೆ ಓನರ್ ಒಪ್ಪಲಿಲ್ಲ. ಗುಬ್ಬಿಯಲ್ಲಿ ಒಂದು ಹೋಟೆಲಿನ ಪಕ್ಕ ಚಾರ್ಜರ್ ಇತ್ತು. ಅದು ಕೆಲಸ ಮಾಡುವ ದಿನ ಮುಂದೆ ಇನ್ನೊಬ್ಬರ ಕಾರು ನಿಂತಿರುತ್ತಿತ್ತು, ಖಾಲಿ ಇರುವ ದಿನ ಅದರ ಪರದೆ ಕಪ್ಪಾಗಿರುತ್ತಿತ್ತು. ಹಾಗಾಗಿ ಪ್ರತಿ ಶನಿವಾರ ಅತ್ತೆ, ಮೈದುನ ಇರುವ ಹೆಬ್ಬೂರಿನ ಹತ್ತಿರದ ನಮ್ಮ ಊರಿಗೆ ಹೋಗಿ, ಕಾರಿನ ಜೊತೆ ಕೊಟ್ಟಿದ್ದ ಚಾರ್ಜರನ್ನು ಜಗಲಿಯ ಸಾಕೆಟ್ಟಿಗೆ ಹಾಕಿ, ಸೋಮವಾರ ಅಲ್ಲಿಂದಲೇ ಕೆಲಸಕ್ಕೆ ಹೊರಡುವುದೆಂದು ಮಾಡಿಕೊಂಡೆವು.

ಮೊದಲ ಸಲ ಹಾಕಿದಾಗ ಚಾರ್ಜರಿನಲ್ಲಿ ಕೆಂಪು ದೀಪ ಬಂತು. ಕಾರು ಕೊಟ್ಟವರು ಫೋನಿನಲ್ಲಿ, ಮನೆಗೆ ಸರಿಯಾದ ಅರ್ತಿಂಗ್ ಇಲ್ಲ, ಸೋರಿದ ಕರೆಂಟ್ ನೆಲಕ್ಕೆ ಇಳಿಯುವಂತೆ ಗುಂಡಿ ತೋಡಿಸಿ ಅದನ್ನು ಹಾಕಿಸಿ ಎಂದರು. ನೋಡಿದರೆ, ಹಿಂದೆ ಯಾರೋ ಅರ್ತಿಂಗ್ ವೈರನ್ನು ಕಬ್ಬಿಣದ ನಲ್ಲಿ ಪೈಪಿಗೆ ಸುತ್ತಿದ್ದರು. ಪೈಪು ಬದಲಾಗಿ ಪ್ಲಾಸ್ಟಿಕ್ ಆದ ಮೇಲೆ ಆ ವೈರು ಗೋಡೆಯ ಪಕ್ಕ ಸುಮ್ಮನೆ ನೇತಾಡುತ್ತಿತ್ತು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇದೇ ಕತೆ. ಫ್ಯಾನು, ಬಲ್ಬು, ಟಿವಿ ಯಾವುದೂ ಅದನ್ನು ಕೇಳಿರಲಿಲ್ಲ. ಕೇಳಿದ್ದು ಈ ಕಾರು ಒಂದೇ.

ಮೈದುನ ಹಿರೇಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಮೆಷಿನ್ ರಿಪೇರಿ ಮಾಡುತ್ತಾನೆ. ಅವನು ಸಾಕೆಟ್ ಬಿಚ್ಚಿ, ಒಳಗೆ ಬೆರಳುದ್ದದ ವೈರಿನಿಂದ, ಕರೆಂಟ್ ವಾಪಸು ಹೋಗುವ ನ್ಯೂಟ್ರಲ್ಲನ್ನೂ ಅರ್ತಿಂಗನ್ನೂ ಜೋಡಿಸಿ ಮುಚ್ಚಿದ. ದೀಪ ಹಸಿರಾಯಿತು.

"ನೋಡಿ ಅತ್ತಿಗೆ, ಗುಂಡಿ ತೋಡ್ಸೋದು ಗಿಂಡಿ ತೋಡ್ಸೋದು ಏನೂ ಬ್ಯಾಡ. ಅದ್ಕೆ ಎರಡು ವೈರು ಒಂದೇ ಅಂತ ಅನ್ನುಸ್ಬೇಕು, ಅಷ್ಟೇಯ."

"ಕಾರ್ಗೇ ಟೋಪಿ ಹಾಕ್ದಲ್ಲೋ" ಎಂದು ನಮ್ಮ ಮನೆಯವರು ನಕ್ಕರು. ನಾನೂ ನಕ್ಕೆ. ಆಮೇಲೆ ಹಲವು ವಾರ ಕಾರು ಹಾಗೆಯೇ ಚಾರ್ಜ್ ಆಯಿತು.

ಆ ಭಾನುವಾರ ರಾತ್ರಿ ಗಾಳಿ ಮಳೆ. ಬೆಳಿಗ್ಗೆ ಮಳೆ ನಿಂತಿತ್ತು, ಗಾಳಿ ಇತ್ತು. ಅಂಗಳವೆಲ್ಲ ನೀರು. ಕಾರಿನ ವೈರು ಇನ್ನೂ ತೆಗೆದಿರಲಿಲ್ಲ. ನಾನು ಊಟದ ಡಬ್ಬಿ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದೆ. ತೆಂಗಿನ ಗರಿಗಳು ಜೋರಾಗಿ ಸದ್ದು ಮಾಡಿದವು. ಒಳಗೆ ಅಡುಗೆಮನೆಯ ದೀಪ ಆರಿತು, ಫ್ರಿಜ್ಜಿನ ಸದ್ದು ನಿಂತಿತು.

"ಕರೆಂಟ್ ಹೋಯ್ತು" ಎಂದರು ಮನೆಯವರು. "ಸಾಕು ಬಿಡು, ಗುಬ್ಬಿಗೆ ಹೋಗೋಷ್ಟು ಆಗೈತೆ."

ಅತ್ತೆ ವಿಭೂತಿ ಗಟ್ಟಿ, ನೀರಿನ ಲೋಟ ಹಿಡಿದು ಅಂಗಳಕ್ಕೆ ಇಳಿದರು. ಚಪ್ಪಲಿ ಮೆಟ್ಟಿಲ ಬಳಿ ಬಿಟ್ಟರು. ಅದೇ ಹೊತ್ತಿಗೆ ಎದುರು ಮನೆಯಲ್ಲಿ ಮಿಕ್ಸಿ ಓಡುತ್ತಿರುವುದು ನನಗೆ ಕೇಳಿಸಿತು. ಅವರದೂ ನಮ್ಮದೂ ಒಂದೇ ಕಂಬ. ಮೈದುನನಿಗೂ ಕೇಳಿಸಿತೆಂದು ಕಾಣುತ್ತದೆ. "ನಮ್ದು ಒಂದೇ ಹೋಗೈತಲ್ಲ" ಎನ್ನುತ್ತ ಟೆಸ್ಟರ್ ತಂದು ಜಗಲಿಯ ಸಾಕೆಟ್ಟಿನ ಪಕ್ಕದ ಪ್ಲಗ್ಗಿಗೆ ಹಾಕಿದ. ಒಂದು ತೂತಿನಲ್ಲಿ ಟೆಸ್ಟರ್ ಹತ್ತಿತು. ಇನ್ನೊಂದು ತೂತಿಗೆ ಹಾಕಿದ. ಹತ್ತಬಾರದು, ಅಲ್ಲೂ ಹತ್ತಿತು.

ಅವನ ಮುಖ ನಾನು ನೋಡಿದೆ. ಟೆಸ್ಟರ್ ಕಿತ್ತು ಅಂಗಳದ ಕಡೆ ತಿರುಗಿದ.

"ಅವ್ವ, ಮುಟ್ಬ್ಯಾಡ."

ಅತ್ತೆಗೆ ಬಲಗಿವಿ ಕೇಳಿಸುವುದಿಲ್ಲ. ಅವರ ಬಲಗಿವಿ ನಮ್ಮ ಕಡೆಗಿತ್ತು. ಅವರು ಬಗ್ಗಿದರು. ಒಂದು ಕೈ ಮಂಡಿಯ ಮೇಲೆ, ಇನ್ನೊಂದು ಗಾಲಿಯ ನಡುವಿನ ನಟ್ಟುಗಳ ಕಡೆಗೆ. ನಾನು ಡಬ್ಬಿ ಬಿಟ್ಟು ಹಾರಿ, ಅವರ ಸೆರಗು ಹಿಡಿದು ಹಿಂದಕ್ಕೆ ಎಳೆದೆ. ಅವರು ಕೆಸರಿನಲ್ಲಿ ಕುಕ್ಕರಿಸಿದರು. ಲೋಟ ಉರುಳಿತು.

"ಏನೇ ಬಂದೈತೆ ನಿಂಗೆ? ಈಬತ್ತಿ ಹಚ್ಚಿದ್ರೆ ಕಾರಿನ ಬಣ್ಣ ಹೋಯ್ತದಾ?"

ನನ್ನ ಕೈ ಅವರ ಸೆರಗನ್ನು ಬಿಡಲಿಲ್ಲ. ಮನೆಯವರು, "ಕರೆಂಟೇ ಇಲ್ಲ, ಇದೇನು ನಿಮ್ದು ರಂಪ" ಎನ್ನುತ್ತ ಕಾರಿನ ವೈರು ಕೀಳಲು ಬಂದರು.

"ಅಣ್ಣ, ಅಲ್ಲೇ ನಿಂತ್ಕೊ. ಒಂದು ಹೆಜ್ಜೆ ಇಡ್ಬ್ಯಾಡ" ಎಂದ ಮೈದುನ. ಕಾಲಿಗೆ ರಬ್ಬರ್ ಬೂಟು ಹಾಕಿಕೊಂಡು ಬಂದು, ಟೆಸ್ಟರಿನ ತುದಿಯನ್ನು ಗಾಲಿಯ ನಟ್ಟಿಗೆ ಇಟ್ಟ. ಟೆಸ್ಟರಿನೊಳಗಿನ ಸಣ್ಣ ದೀಪ ಕಿತ್ತಳೆ ಬಣ್ಣಕ್ಕೆ ಹತ್ತಿತು. ಅವನು ಒಳಗೆ ಹೋಗಿ ಮೇನ್ ಸ್ವಿಚ್ ಇಳಿಸಿ, ಬಂದು ಮತ್ತೆ ಇಟ್ಟ. ಹತ್ತಲಿಲ್ಲ.

ಆದದ್ದು ಇಷ್ಟು. ಗಾಳಿಗೆ ಕಂಬದ ಹತ್ತಿರ ನ್ಯೂಟ್ರಲ್ ವೈರು ಕಳಚಿಕೊಂಡಿತ್ತು. ಬಂದ ಕರೆಂಟಿಗೆ ವಾಪಸು ಹೋಗುವ ದಾರಿ ಇರಲಿಲ್ಲ, ಹಾಗಾಗಿ ದೀಪ ಆರಿತು. ಆದರೆ ಮನೆಯೊಳಗೆ ಸ್ವಿಚ್ ಹಾಕಿದ್ದ ಬಲ್ಬು, ಫ್ರಿಜ್ಜುಗಳ ಮೂಲಕ ಅದು ನ್ಯೂಟ್ರಲ್ಲಿಗೆ ಬಂದು, ಅಲ್ಲಿಂದ ಆ ಬೆರಳುದ್ದದ ವೈರು ಹಿಡಿದು ಕಾರಿನ ಮೈಗೆ ಬಂದು ನಿಂತಿತ್ತು. ಕರೆಂಟ್ ಹೋಯಿತು ಎಂದು ನಾವು ನಿರಾಳವಾದ ಗಳಿಗೆಯಲ್ಲೇ ಕಾರು ಮುಟ್ಟಬಾರದ್ದಾಗಿತ್ತು.

ಲೈನ್‌ಮನ್ ಬಂದು ಕಂಬ ಹತ್ತಿ ಸರಿ ಮಾಡಿ ಹೋದ. ಮೈದುನ ಸಾಕೆಟ್ ಬಿಚ್ಚಿ ಆ ವೈರು ಕಿತ್ತ. ಅತ್ತೆ ಸೀರೆ ಬದಲಿಸಿ ಕಾಫಿ ತಂದುಕೊಟ್ಟರು. ಮೈದುನ ಕುಡಿಯಲಿಲ್ಲ.

"ಅವ್ವ, ಮುಟ್ಟಿದ್ರೆ ಸತ್ತೋಗಿರೋಳು ನೀನು. ನಾನು ಮಾಡಿದ್ ಕೆಲ್ಸದಿಂದ."

ಅತ್ತೆ ಲೋಟವನ್ನು ಅವನ ಕೈಗಿಟ್ಟರು. "ಸತ್ತಿಲ್ವಲ್ಲ, ಕುಡಿ" ಎಂದರು.

ಅವನು ಲೋಟ ಕೆಳಗಿಟ್ಟ. "ಕುಣಿಗಲ್ಲಲ್ಲಿ ನಮ್ ಫ್ಯಾಕ್ಟ್ರಿಯವ್ನು ಒಬ್ಬ ಅವ್ನೆ. ಅವ್ನೂ ಇಂಥದೇ ಕಾರು ತಗೊಂಡ. ಕೆಂಪು ದೀಪ ಬರ್ತೈತೆ ಅಂದ. ನಾನೇ ಹೇಳ್ಕೊಟ್ಟೆ."

ನಮ್ಮ ಮನೆಯಲ್ಲಿ ಆರಿದ ಭಯ ಇನ್ನೊಂದು ಮನೆಯಲ್ಲಿ ಹಾಗೆಯೇ ನಿಂತಿದೆ ಎಂದು ಆಗ ತಿಳಿಯಿತು. ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಿದವನು ನಗುತ್ತಿದ್ದ, ಸ್ಪೀಕರಿನಲ್ಲಿ ನಮಗೆಲ್ಲ ಕೇಳಿಸಿತು. "ಚೆನ್ನಾಗೈತೆ ಗುರು, ಹಸಿರು ಬರ್ತೈತೆ. ಈಗ್ಲೂ ಚಾರ್ಜಿಗೆ ಹಾಕಿವ್ನಿ." ಮೈದುನ ವಿವರಿಸತೊಡಗಿದ. "ಸಂಜೆ ನೋಡ್ಕೊಂತೀನಿ ಬುಡು" ಎಂದು ಅವನು ಇಟ್ಟುಬಿಟ್ಟ.

ನಾನು ಲ್ಯಾಬಿಗೆ ಫೋನ್ ಮಾಡಿ, ಬರುವುದು ತಡವಾಗುತ್ತದೆಂದು ಹೇಳಿ, ಕುಣಿಗಲ್ಲಿಗೆ ಹೊರಡಲು ಕಾರಿನ ಬೀಗ ತೆಗೆದೆ. ಬಾಗಿಲಿನ ಹಿಡಿ ಮುಟ್ಟಲು ಮನಸ್ಸು ಬರಲಿಲ್ಲ, ಆದರೂ ಮುಟ್ಟಿದೆ. ಮೈದುನ ಪಕ್ಕದಲ್ಲಿ ಕುಳಿತ. ಕುಣಿಗಲ್ ರಸ್ತೆಯುದ್ದಕ್ಕೂ ಮರದ ಕೊಂಬೆಗಳು ಬಿದ್ದಿದ್ದವು. ಕಂಬದಿಂದ ಕಂಬಕ್ಕೆ ವೈರುಗಳು ಗಾಳಿಗೆ ಓಲಾಡುತ್ತಿದ್ದವು. ಈ ಕಾರಿನಲ್ಲಿ ಸದ್ದಿಲ್ಲವೆಂದು ಎಲ್ಲರಿಗೂ ಹೇಳಿಕೊಳ್ಳುತ್ತಿದ್ದವಳು ನಾನು. ಅವತ್ತು ಅವನ ಉಸಿರು ಕೂಡ ಕೇಳಿಸುತ್ತಿತ್ತು.

ಆ ಗೆಳೆಯನ ಮನೆಯ ಮುಂದೆ ಅವನ ಕಾರು ವೈರು ಚುಚ್ಚಿಕೊಂಡು ನಿಂತಿತ್ತು. ಅವನ ಹೆಂಡತಿ ಬಕೆಟ್ ಕಾಲ ಬಳಿ ಇಟ್ಟುಕೊಂಡು, ಒದ್ದೆ ಬಟ್ಟೆ ಹರವುತ್ತಿದ್ದಳು. ಬರಿಗಾಲು. ಒಂದು ಬೆಡ್‌ಶೀಟಿನ ಅಂಚು ಕಾರಿನ ಮೇಲೆ ಬಿದ್ದಿತ್ತು.

"ಅಕ್ಕ, ಬಟ್ಟೆ ಬಿಟ್ಟು ಈ ಕಡೆ ಬನ್ನಿ" ಎಂದ ಮೈದುನ.

ಗೆಳೆಯ ಒಳಗಿನಿಂದ ಬಂದ. "ಏನ್ಲಾ, ಇಲ್ಲೀಗಂಟ ಬಂದ್ಯಾ? ನೀನೇ ಮಾಡು ಅಂತೀಯ, ನೀನೇ ಬ್ಯಾಡ ಅಂತೀಯ. ನಾಳೆಯಿಂದ ಫ್ಯಾಕ್ಟ್ರಿಗೆ ನಿಮ್ಮಪ್ಪನ ಎತ್ತಿನ ಗಾಡೀಲಿ ಹೋಗ್ಲಾ?"

"ಎಷ್ಟಾದ್ರೂ ಬೈಯಿ. ಮೊದ್ಲು ಮೇನ್ ಇಳ್ಸು. ಇವತ್ತು ನಮ್ಮವ್ವನ ಕೈ ಅಲ್ಲಿತ್ತು."

ಗೆಳೆಯ ಇನ್ನೂ ಏನೋ ಹೇಳುವವನಿದ್ದ. ಹೆಂಡತಿ ಅವನನ್ನು ಸರಿಸಿಕೊಂಡು ಒಳಗೆ ಹೋದಳು. ಮೇನ್ ಬಿದ್ದ ಸದ್ದು ಹೊರಗೆ ಕೇಳಿಸಿತು. ಮೈದುನ ಸಾಕೆಟ್ ಬಿಚ್ಚಿ ವೈರು ಕಿತ್ತು ಜೇಬಿಗೆ ಹಾಕಿಕೊಂಡ. ಸ್ಕ್ರೂ ಒಂದು ನೆಲಕ್ಕೆ ಬಿತ್ತು. ಗೆಳೆಯನೇ ಬಗ್ಗಿ ಹುಡುಕಿ ಕೊಟ್ಟ. ಕೊಡುವಾಗ ನಗಲಿಲ್ಲ.

ನಾವು ಕಾರು ಮಾರಲಿಲ್ಲ. ಪೆಟ್ರೋಲಿಗೆ ಮರಳುವ ಯೋಚನೆಯೂ ನನಗಿಲ್ಲ. ಗುಬ್ಬಿ ರಸ್ತೆಯಲ್ಲಿ ಅದು ಓಡುವ ರೀತಿ ನನಗಿಷ್ಟ. ತಪ್ಪು ಕಾರಿನದಲ್ಲ, ನಮ್ಮ ಮನೆಗೆ ಇಲ್ಲದ್ದನ್ನು ಅದು ಮೊದಲ ದಿನವೇ ಹೇಳಿತ್ತು. ಆ ವಾರ ಎರಡೂ ಮನೆಗಳಲ್ಲಿ ಅರ್ತಿಂಗಿಗೆ ಗುಂಡಿ ತೋಡಿಸಿ, ಕೊಳವೆ ಇಳಿಸಿ, ಇದ್ದಿಲು, ಉಪ್ಪು ತುಂಬಿಸಿದೆವು. ಅದು ಮುಗಿಯುವವರೆಗೆ ಗೆಳೆಯನ ಕಾರು ಚಾರ್ಜ್ ಮಾಡುವಂತಿರಲಿಲ್ಲ, ಹಾಗಾಗಿ ಮೈದುನ ದಿನಾ ಬೆಳಿಗ್ಗೆ ಬೈಕಿನಲ್ಲಿ ಕುಣಿಗಲ್ಲಿಗೆ ಹೋಗಿ, ಗೆಳೆಯನನ್ನು ಕೂರಿಸಿಕೊಂಡು, ಬಂದ ದಾರಿಯಲ್ಲೇ ವಾಪಸು ಬಂದು ಹಿರೇಹಳ್ಳಿಗೆ ಹೋಗುತ್ತಿದ್ದ. ಅವರು ಊರಿನ ನಮ್ಮ ಮನೆಯ ಮುಂದೆ ಹಾದುಹೋಗುವುದನ್ನು ಅತ್ತೆ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಇಬ್ಬರೂ ಮಾತಾಡುತ್ತಿರಲಿಲ್ಲವಂತೆ. ನಾಲ್ಕನೇ ದಿನ ಹಿಂದೆ ಕೂತವನು ಏನೋ ಬೈಯುತ್ತಿದ್ದ, ಮುಂದಿನವನು ತಲೆ ಆಡಿಸುತ್ತಿದ್ದ ಎಂದು ಫೋನಿನಲ್ಲಿ ಹೇಳಿದರು.