ಕುರ್ಚಿ ಬಿಟ್ಟುಕೊಟ್ಟ ಮಧ್ಯವರ್ತಿ

ಬೆಳಕು ಹರಿಯುವ ಹೊತ್ತು. ಊರು ಇನ್ನೂ ಮಗ್ಗಲು ಬದಲಿಸುತ್ತಿದೆ. ನೀರು ಸರಬರಾಜು ಕಚೇರಿಯ ಕಂಟ್ರೋಲ್ ರೂಮಿನಲ್ಲಿ ಆಪರೇಟರ್ ಅಕ್ಕ ಸ್ಕ್ರಿಪ್ಟ್ ಓಡಿಸುತ್ತಾರೆ. ಬೀದಿಬೀದಿಯ ವಾಲ್ವ್ ತೆರೆದು ಮುಚ್ಚುವ ಪ್ರೋಗ್ರಾಮನ್ನು ಎಬ್ಬಿಸುವುದು ಅದೇ. ಪರದೆಯ ಮೇಲೆ ಒಂದು ನಂಬರು ಮೂಡುತ್ತದೆ. ಅದನ್ನು ಕಣ್ಣಿಟ್ಟು ನೋಡಿದ ಮೇಲೆಯೇ ಅಕ್ಕ ಟೀ ಲೋಟಕ್ಕೆ ಕೈ ಹಾಕುತ್ತಾರೆ.

ಈ ನಂಬರಿಗೆ ಒಂದು ಮನೆಯ ಮಾನ ಅಂಟಿಕೊಂಡಿದೆ. ಕಳೆದ ವರ್ಷ ಹೊಸ ಸ್ಕ್ರಿಪ್ಟ್ ಬಂದದ್ದೇ ತಡ, ನೀರಿಗೆ ಹುಚ್ಚು ಹಿಡಿಯಿತು. ಬಂದಷ್ಟೇ ಬೇಗ ನಿಲ್ಲುವುದು, ನಿಂತದ್ದು ಅವೇಳೆಯಲ್ಲಿ ಬರುವುದು. ಖಾಲಿ ಬಿಂದಿಗೆ ಹಿಡಿದವರ ಬಾಯಿಗೆ ಸಿಕ್ಕವರು ವಾಲ್ವುಗಳನ್ನು ಕಾಯುವ ಹಳೆಯ ವಾಲ್ವ್‌ಮನ್. "ಮುದುಕ ಕೈಯಾಡಿಸ್ತಾನೆ" ಎಂದರು. ನಿವೃತ್ತಿಗೆ ಮುಂಚೆಯೇ ಅವರನ್ನು ಮನೆಗೆ ಕಳಿಸುವ ಮಾತನ್ನು ಕಚೇರಿಯ ಎಂಜಿನಿಯರ್ ಕೂಡ ಎತ್ತಿದರು. ಅವರು ಬೇರೆ ಯಾರೂ ಅಲ್ಲ, ಅಕ್ಕನ ಮಾವ.

"'ನಾನು ಮುಟ್ಟೇ ಇಲ್ಲ ಕಣಮ್ಮ' ಅಂತ ಅಷ್ಟೇ ಹೇಳೋರು. ನಾನೇ ನೋಡ್ಬಿಡ್ತೀನಿ ಅಂದ್ಕೊಂಡೆ" ಎನ್ನುತ್ತಾರೆ ಅಕ್ಕ.

ಒಂದು ಬೆಳಗ್ಗೆ ಅವರು ಓಡುತ್ತಿರುವ ಪ್ರೋಗ್ರಾಮುಗಳನ್ನೆಲ್ಲ ಪರದೆಗೆ ಎಳೆದರು. ವಾಲ್ವ್ ಪ್ರೋಗ್ರಾಮ್ ಒಂದಲ್ಲ, ಒಂದು ದಂಡೇ ಇತ್ತು! ಒಂದೊಂದೂ ತಾನು ಹುಟ್ಟಿದ ದಿನದ ವೇಳಾಪಟ್ಟಿ ಹಿಡಿದು ಹುಕುಂ ಹೊರಡಿಸುತ್ತಿತ್ತು. "ಒಂದೇ ಅಡುಗೆಮನೇಲಿ ನಾಲ್ಕು ಜನ ಅತ್ತೆಯರು ಸೇರ್ಕೊಂಡಂಗೆ!" ಎಂದು ನಗುತ್ತಾರೆ.

ಓಡುವ ಪ್ರತಿ ಪ್ರೋಗ್ರಾಮಿಗೂ ಕಂಪ್ಯೂಟರ್ ಒಂದು ನಂಬರ್ ಕೊಡುತ್ತದೆ. ನಿಲ್ಲಿಸಬೇಕಾದರೆ ಆ ನಂಬರೇ ಬೇಕು. ಸ್ಕ್ರಿಪ್ಟು ನೆನಪಿಟ್ಟುಕೊಳ್ಳುತ್ತಿದ್ದದ್ದು ಮಾತ್ರ ಪ್ರೋಗ್ರಾಮನ್ನು ಎಬ್ಬಿಸಲು ನಡುವೆ ನಿಂತ ಶೆಲ್ ಎಂಬ ಮಧ್ಯವರ್ತಿಯ ನಂಬರನ್ನು. ಸಂಜೆ 'ನಿಲ್ಲು' ಎಂದರೆ ಮಧ್ಯವರ್ತಿ ನಿಲ್ಲುತ್ತಿದ್ದ, ಅಸಲಿ ಆಸಾಮಿ ಆರಾಮಾಗಿ ಓಡುತ್ತಿದ್ದ. ಮರುದಿನ ಇನ್ನೊಬ್ಬ ಹುಟ್ಟುತ್ತಿದ್ದ.

ಅಕ್ಕ ಸ್ಕ್ರಿಪ್ಟಿಗೆ ಸೇರಿಸಿದ್ದು ಒಂದೇ ಒಂದು ಪದ, 'exec'. "ಮಧ್ಯವರ್ತಿಗೆ ಹೇಳ್ದೆ, 'ನೀನು ಎದ್ದೇಳಪ್ಪ, ನಿನ್ನ ಕುರ್ಚೀಲೇ ಅವನನ್ನ ಕೂರ್ಸು' ಅಂತ. ಈಗ ಕುರ್ಚಿ ನಂಬರೇ ಅವನ ನಂಬರು."

ಎಂಜಿನಿಯರ್ ಪಕ್ಕದಲ್ಲಿ ನಿಂತು ಪರೀಕ್ಷೆ ಮಾಡಿಸಿದರು. ಹಳೆಯ ದಂಡನ್ನೆಲ್ಲ ಹೊರದಬ್ಬಿ, ಹೊಸದನ್ನು ಎಬ್ಬಿಸಿ, ನಿಲ್ಲಿಸಿದರು. ಒಂದೂ ಉಳಿಯಲಿಲ್ಲ. "ಭಲೇ!" ಎಂದು ಎಂಜಿನಿಯರ್ ಮೇಜು ಗುದ್ದಿದರು. ಮರುದಿನ ಹೇಳಿದ ಹೊತ್ತಿಗೆ ಸರಿಯಾಗಿ ಬೀದಿಬೀದಿಯಲ್ಲೂ ನೀರು ಧುಮ್ಮಿಕ್ಕಿತು. ಸುಖ ಎಂದರೆ ಅದು! ವಾಲ್ವ್‌ಮನ್ನರ ಮನೆ ಬಾಗಿಲಿಗೇ ಬಂದು ಎಂಜಿನಿಯರ್ ತಪ್ಪಾಯಿತು ಎಂದು ಕೈ ಮುಗಿದರು.

ಮಾವ ತಲೆ ಎತ್ತಿಕೊಂಡೇ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಮೈಕು ಕೊಟ್ಟರೆ ಅವರು ಆಡಿದ್ದು ಎರಡೇ ಮಾತು: "ವಾಲ್ವ್ ನಾನು ಮುಟ್ಟಿರಲಿಲ್ಲ. ಕಂಡುಹಿಡಿದಿದ್ದು ನನ್ನ ಸೊಸೆ."

ಅದನ್ನು ಹೇಳುತ್ತಾ ಅಕ್ಕ ಟೀ ಲೋಟ ಎತ್ತಿಕೊಳ್ಳುತ್ತಾರೆ. "ಚಪ್ಪಾಳೆ ಬಿದ್ದಿದ್ದು ಮಾವನಿಗೆ. ಉಬ್ಬಿದ್ದು ನನ್ನೆದೆ."