ಲಿನ್ ಮನೆಯವಳು ಬನಹಟ್ಟಿಗೆ ಬಂದದ್ದು

ಮದುವೆಯಾಗಿ ಬನಹಟ್ಟಿಗೆ ಬಂದು ಹದಿನೈದು ದಿನವೂ ಆಗಿರಲಿಲ್ಲ. ಒಂದು ಬೆಳಗ್ಗೆ ಬಾಗಿಲಲ್ಲಿ ಗಂಟೆಯ ಸದ್ದಾಯಿತು. ತಲೆಗೆ ಪಟಕಾ ಸುತ್ತಿದ ಅಪರಿಚಿತನೊಬ್ಬ ನಿಂತು, ನನ್ನ ಗಂಡನ ಮನೆಯಲ್ಲಿ ಸತ್ತವರ ಹೆಸರುಗಳನ್ನು ಒಂದೇ ಉಸಿರಿಗೆ ಹೇಳತೊಡಗಿದ. ಅಜ್ಜ, ಮುತ್ತಜ್ಜ, ಅವನಪ್ಪ, ಅವನಪ್ಪ. ಒಟ್ಟು ಏಳು ತಲೆಮಾರು. ನಾನು ಚಹಾದ ಲೋಟ ಹಿಡಿದು ಹಾಗೇ ನಿಂತುಬಿಟ್ಟೆ. ಇವನು ಹೆಳವ, ಮೂರ್ನಾಲ್ಕು ವರ್ಷಕ್ಕೊಮ್ಮೆ ಬಂದು ವಂಶಾವಳಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಜೋಳ ಪಡೆದು ಹೋಗುತ್ತಾನೆ ಎಂದು ಗಂಡ ತಿಳಿಸಿದರು. ಅಷ್ಟು ಹೆಸರುಗಳಲ್ಲಿ ಹೆಂಗಸು ಒಬ್ಬಳೂ ಇರಲಿಲ್ಲ. ಇವರೆಲ್ಲ ಆಕಾಶದಿಂದ ಉದುರಿದರೇ ಎಂದು ಕೇಳಿದೆ. ಗಂಡ ನಕ್ಕುಬಿಟ್ಟರು.

ಕುಂದಾಪುರದ ನನ್ನವರಿಗೆ ಇದೆಷ್ಟು ವಿಚಿತ್ರವೆಂದು ಬಿಡಿಸಿ ಹೇಳಬೇಕಿಲ್ಲ. ನಮ್ಮ ಮನೆಯಲ್ಲಿ ಬಳಿ, ಅಂದರೆ ಕುಲದ ಗುರುತು, ಬರುವುದೇ ತಾಯಿಯಿಂದ. ಅಜ್ಜಿಯ ಅಜ್ಜಿಯ ಹೆಸರು ನನಗೆ ಬಾಯಿಪಾಠ. ಅಜ್ಜನ ಅಜ್ಜ ಯಾರೆಂದರೆ ತಲೆ ಕೆರೆದುಕೊಳ್ಳಬೇಕು. ಅಲ್ಲಿ ಕುಚ್ಚಲಕ್ಕಿ ಗಂಜಿ, ಮೀನು. ಇಲ್ಲಿ ಮೂರು ಹೊತ್ತೂ ಜೋಳದ ರೊಟ್ಟಿ, ಮೀನಿನ ಹೆಸರೆತ್ತಿದರೆ ಮೂಗು ಮುಚ್ಚಿಕೊಳ್ಳುತ್ತಾರೆ. ಓಣಿಯೆಲ್ಲ ನನ್ನನ್ನು ‘ಮಂಗಳೂರ ಸೊಸಿ’ ಎನ್ನುತ್ತಿತ್ತು. ಮಂಗಳೂರು ನಮ್ಮೂರಿಂದ ಎರಡು ತಾಸಿನ ದಾರಿ ಎಂದು ಯಾರಿಗೆ ಹೇಳಲಿ? ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದೂ ಉಂಟು.

ಆಗ ಕೈಹಿಡಿದದ್ದು ತಂಗಿ ಕಳಿಸಿದ ಒಂದು ಚೀನೀ ಕಾದಂಬರಿ, ಇಂಗ್ಲಿಷ್ ಅನುವಾದ. ಅಜ್ಜಿ, ಮಗಳು, ಮೊಮ್ಮಗಳು, ಮೂರು ತಲೆಮಾರಿನ ಹೆಂಗಸರ ಕತೆ. ಅಜ್ಜಿಗೆ ಐದು ವರ್ಷಕ್ಕೇ ಪಾದ ಬಿಗಿದು ಕಟ್ಟುತ್ತಾರೆ. ಪಾದ ಚಿಕ್ಕದಾದಷ್ಟೂ ಸಂಬಂಧ ದೊಡ್ಡದು. ಮಗಳು ಹತ್ತಿ ಗಿರಣಿಗೆ ದುಡಿಯಲು ಹೋಗುತ್ತಾಳೆ. ಮೊಮ್ಮಗಳು ಒಂದು ದಿನ ಅಜ್ಜನ ಮನೆತನದ ವಂಶಾವಳಿ ತೆರೆದರೆ, ಅಜ್ಜಿಯ ಜಾಗದಲ್ಲಿ ‘ಲಿನ್ ಮನೆಯವಳು’ ಎಂದಷ್ಟೇ ಇದೆ. ತವರಿನ ಮನೆತನವಿದೆ, ಅವಳ ಹೆಸರಿಲ್ಲ. ತಾಯಿಯದಂತೂ ಅಷ್ಟೂ ಇಲ್ಲ, ಏಕೆಂದರೆ ಅವಳು ಆ ಮನೆಯ ಮಗಳು, ಸೊಸೆಯಲ್ಲ. ಮೊಮ್ಮಗಳು ತಾನೇ ಪೆನ್ನು ಹಿಡಿದು ಇಬ್ಬರ ಹೆಸರನ್ನೂ ಬರೆಯುತ್ತಾಳೆ.

ಬನಹಟ್ಟಿಯ ನಮ್ಮ ಮನೆಯಲ್ಲಿ ವಿದ್ಯುತ್ ಮಗ್ಗ ನಡೆಯುವಾಗ ಯಾರ ಮಾತೂ ಕೇಳಿಸುವುದಿಲ್ಲ. ಕರೆಂಟು ಹೋದರೆ ಮಾತ್ರ ಓಣಿ ತಣ್ಣಗಾಗುತ್ತದೆ. ಆಗ ಅತ್ತೆ ರಾಟೆಯ ಮುಂದೆ ಕೂತು, ಲಾಳಿಗೆ ಹಾಕುವ ನೂಲಿನ ಕಂಡಿಕಿ ಸುತ್ತುತ್ತಾರೆ. ಒಂದು ದಿನ ಏನು ಓದುತ್ತೀ ಎಂದು ಕೇಳಿದರು, ಕತೆಯನ್ನು ಕನ್ನಡದಲ್ಲಿ ಹೇಳಿದೆ. ಚೀನಾದ ಹೆಂಗಸರ ಉಸಾಬರಿ ನಮಗೇಕೆ ಎಂದರು. ಒಂದು ವಾರ ಕಳೆಯುವುದರೊಳಗೆ, ಕರೆಂಟು ಹೋದ ಕೂಡಲೇ ನನಗಿಂತ ಮೊದಲು ಚಾಪೆ ಹಾಸುತ್ತಿದ್ದರು. ಓಣಿಯ ನಾಲ್ಕು ಹೆಂಗಸರೂ ಸೇರಿದರು. ನನ್ನ ಕರಾವಳಿ ಕನ್ನಡವನ್ನು ತಿದ್ದಿ ತಿದ್ದಿ ಛಲೋ ಮಾಡಿದವರು ಅವರೇ. ಪಾದ ಕಟ್ಟುವ ಭಾಗ ಬಂದಾಗ ಎಲ್ಲರೂ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು. ‘ಲಿನ್ ಮನೆಯವಳು’ ಬಂದಾಗ ಅತ್ತೆಯ ರಾಟೆ ನಿಂತಿತು.

“ನನಗೂ ನಲವತ್ತು ವರ್ಷದಿಂದ ತೇರದಾಳದಾಕಿ ಅಂತಾರಲ್ಲವಾ,” ಎಂದರು. ತೇರದಾಳ ಅವರ ತವರೂರು.

ಅದಕ್ಕೇ ಹೇಳುತ್ತೇನೆ, ಇಂಥ ಕಾದಂಬರಿಗಳನ್ನು ಹುಡುಕಿ ಓದಿ. ದೂರದೇಶದ ಸೋಜಿಗಕ್ಕಾಗಿ ಬೇಡ; ಅಲ್ಲಿನ ಅಡುಗೆಮನೆ, ಬಾಣಂತಿಕೋಣೆ, ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿದ ಅತ್ತೆ, ಎಲ್ಲ ನಮ್ಮವೇ. ಆದರೆ ಒಬ್ಬರೇ ಓದಬೇಡಿ, ಅತ್ತೆಯನ್ನು ಎದುರು ಕೂಡಿಸಿಕೊಂಡು ಓದಿ. ಪರಿಣಾಮಕ್ಕೆ ನಾನು ಹೊಣೆಯಲ್ಲ.

ಕಳೆದ ತಿಂಗಳು ಹೆಳವ ಮತ್ತೆ ಬಂದ. ನನ್ನ ಮಗಳಿಗೆ ಈಗ ಎರಡು ವರ್ಷ. ವಂಶಾವಳಿ ಮುಗಿಸಿ, ಪುಸ್ತಕ ತೆರೆದು, ಮನೆಯಲ್ಲಿ ಹೊಸದಾಗಿ ಯಾರು ಹುಟ್ಟಿದರು ಎಂದು ಕೇಳಿದ. ಹೆಣ್ಣು, ಬರೆಯುವಂಥದ್ದೇನಿಲ್ಲ ಎಂದರು ಮಾವ. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮೊರದ ತುಂಬ ಜೋಳ ತಂದರು. ಆದರೆ ಕೊಡಲಿಲ್ಲ, ಕಟ್ಟೆಯ ಮೇಲಿಟ್ಟು ಪಕ್ಕದಲ್ಲೇ ಕೂತರು.

“ಏಳು ತಲಿ ಗಂಡಸರ ಹೆಸರ ಹೇಳಿದಿ. ಅವರನ್ನ ಹಡದಾಕಿ ಯಾರು ಅಂತ ನಿನ್ನ ಪುಸ್ತಕದಾಗ ಐತೇನಪಾ?”

ಹೆಣ್ಣಿನ ಹೆಸರು ಬರೆಯುವ ಪದ್ಧತಿ ತಮ್ಮ ಅಜ್ಜನ ಕಾಲದಿಂದಲೂ ಇಲ್ಲ ಎಂದು ಅವನು ಮೆಲ್ಲಗೆ ಹೇಳಿದ. ಒಳಗೆ ನಡಿ ಎಂದು ಮಾವ ಗದರಿದರು. ಅತ್ತೆ ಕದಲಲಿಲ್ಲ. ಚೀನಾದಲ್ಲೂ ಇರಲಿಲ್ಲವಂತೆ, ಹಾಗಂತ ಲಿನ್ ಮನೆಯವಳ ಮೊಮ್ಮಗಳು ಸುಮ್ಮನಿದ್ದಳೇ ಎಂದು ಕೇಳಿದರು. ಹೆಳವನಿಗೂ ಮಾವನಿಗೂ ತಲೆಬುಡ ತಿಳಿಯಲಿಲ್ಲ. ಬಾಗಿಲಿಗೆ ಬಂದು ನಿಂತಿದ್ದ ಓಣಿಯ ಹೆಂಗಸರಿಗೆ ಎಲ್ಲ ತಿಳಿದಿತ್ತು.

“ಮೊದಲ ಬರಿ, ಆಮ್ಯಾಲ ಜ್ವಾಳ,” ಎಂದರು ಅತ್ತೆ.

ಹೆಳವ ಬರೆದ. ಮೊದಲು ನನ್ನ ಮಗಳ ಹೆಸರು. ಹೆಂಗಸರು ಗೆದ್ದವರಂತೆ ಒಬ್ಬರನ್ನೊಬ್ಬರು ನೋಡಿಕೊಂಡರು, ನಾನಂತೂ ಮಗುವನ್ನು ಎತ್ತಿ ಕುಣಿಸಿಬಿಟ್ಟೆ. ಆಮೇಲೆ ಅವನು ಮಗುವಿನ ಅಜ್ಜಿಯ ಹೆಸರು ಕೇಳಿದ. ಇಲ್ಲಿ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಹೆಣ್ಣಿಗೆ ಹೊಸ ಹೆಸರಿಡುತ್ತಾರೆ. ಅತ್ತೆ ಇಲ್ಲಿಟ್ಟ ಹೆಸರನ್ನು ಬಿಟ್ಟು, ಚಂಪವ್ವ ಎಂದು ತವರಿನ ಹೆಸರನ್ನು ಹೇಳಿದರು. ನಲವತ್ತು ವರ್ಷಗಳಲ್ಲಿ ಆ ಹೆಸರು ಈ ಹೊಸ್ತಿಲೊಳಗೆ ಯಾರ ಬಾಯಲ್ಲೂ ಬಂದಿರಲಿಲ್ಲ. ಮಾವ ತಲೆಯೆತ್ತಿ ಅವರನ್ನೇ ನೋಡಿದರು.

ಆಮೇಲೆ ಹೆಳವ ನನ್ನತ್ತ ತಿರುಗಿದ. ನನಗೂ ಎರಡು ಹೆಸರು: ಅಮ್ಮ ಇಟ್ಟದ್ದು ಸುಲೋಚನಾ, ಇವರಿಟ್ಟದ್ದು ಅನ್ನಪೂರ್ಣಾ. ಒಂದನ್ನು ಹೇಳಿದರೆ ಇನ್ನೊಬ್ಬಳನ್ನು ಹೊರಗೆ ನಿಲ್ಲಿಸಿದಂತೆ. ಎರಡನ್ನೂ ಬರೆಯಿರಿ ಎಂದೆ. ಸಾಲಿನಲ್ಲಿ ಅಷ್ಟು ಜಾಗವಿಲ್ಲ ಎಂದ ಹೆಳವ.

ಅತ್ತೆ ಜೋಳದ ಮೊರವನ್ನು ಅವನ ಮುಂದಕ್ಕೆ ಸರಿಸಿದರು.

“ಹಂಗಾರ ಎರಡ ಸಾಲ ತಗೋ. ಆಕಿ ಎರಡೂ ಮನಿಯಾಕಿ.”