ಕಡ್ಲಿ ಹುಳಿ

ಪಠ್ಯಪುಸ್ತಕ ಚಿಟ್ಟೆಯ ಬದುಕನ್ನು ನಾಲ್ಕು ಚಿತ್ರ, ನಾಲ್ಕು ಬಾಣಗಳಲ್ಲಿ ಮುಗಿಸಿಬಿಡುತ್ತದೆ. ಆ ಪುಟ ಕಂಡರೆ ನನಗೆ ಮೈ ಉರಿಯುತ್ತದೆ. ಅದಕ್ಕೇ ಲಕ್ಷ್ಮೇಶ್ವರದ ಹತ್ತಿರದ ನನ್ನ ಶಾಲೆಯಲ್ಲಿ ಮಕ್ಕಳಿಗೆ ಒಬ್ಬಾಕೆಯ ಕಥೆ ಹೇಳಿದೆ. ಹುಳು ಕೆಸರಿನಿಂದ ತಾನಾಗಿ ಹುಟ್ಟುತ್ತದೆಂದು ದೊಡ್ಡವರೆಲ್ಲ ನಂಬಿದ್ದ ಕಾಲದಲ್ಲಿ, ಆಕೆ ಹುಡುಗಿಯಾಗಿದ್ದಾಗಲೇ ಹುಳು ಸಾಕಿ, ಒಂದೊಂದಕ್ಕೂ ಬೇಕಾದ ಎಲೆ ತಿನ್ನಿಸಿ, ಕಂಡದ್ದನ್ನು ಕಂಡಂತೆ ಚಿತ್ರಿಸಿದಳು. ಔಷಧ ಹೊಡೆದ ಊರಲ್ಲಿ ಹಕ್ಕಿಗಳು ಯಾಕೆ ಸುಮ್ಮನಾದವು ಎಂದು ಕೇಳಿದ ಇನ್ನೊಬ್ಬ ವಿಜ್ಞಾನಿಯ ಕಥೆಯನ್ನು ಮುಂದಿನ ವಾರಕ್ಕೆ ಇಟ್ಟುಕೊಂಡಿದ್ದೆ.

ಮರುದಿನ ಕಿಟಕಿಯ ತುಂಬ ಡಬ್ಬಿಗಳು. ಎಲ್ಲದರಲ್ಲೂ ಕಡಲೆ ಗಿಡದ ಹಸಿರು ಹುಳು. ಮುಂದಿನ ಬೆಂಚಿನ ಹುಡುಗಿ ದಿನಾ ತನ್ನ ಹೊಲದ ಸೊಪ್ಪು ತಂದು ತನ್ನ ಹುಳುವಿಗೆ ಹಾಕುತ್ತಿದ್ದಳು, ಬರುವ ದಾರಿಯಲ್ಲಿ ತಾನೂ ಒಂದಿಷ್ಟು ಮೇಯುತ್ತಿದ್ದಳು.

"ನನ್ನ ಕೀಡಿ ಎಲ್ಲಾರದಕ್ಕಿಂತ ಭಾಳ ತಿಂತೈತ್ರಿ ಅಕ್ಕೋರ," ಎಂದು ಬೀಗುತ್ತಿದ್ದಳು.

ಶನಿವಾರ ನೋಡಿದರೆ ಅವಳ ಹುಳು ಮಾತ್ರ ಕಪ್ಪಾಗಿ ಸುರುಳಿ ಸುತ್ತಿಕೊಂಡು ಸತ್ತಿತ್ತು. ಉಳಿದವೆಲ್ಲ ಚೆನ್ನಾಗಿಯೇ ಇದ್ದವು. ಅವಳೂ ಬಂದಿರಲಿಲ್ಲ.

"ಆಕಿಗೆ ಹೊಟ್ಟಿನೋವಂತ್ರಿ," ಎಂದಳು ಗೆಳತಿ. "ಮೊನ್ನೆ ಅವರ ಹೊಲಕ್ಕ ಎಣ್ಣಿ ಹೊಡದಾರ್ರಿ."

ಎಣ್ಣೆಯೆಂದರೆ ಇಲ್ಲಿ ಕೀಟನಾಶಕ. ಮಕ್ಕಳನ್ನು ಪಕ್ಕದ ತರಗತಿಗೆ ಒಪ್ಪಿಸಿ ಹೊರಟೆ.

ಅವಳ ಮನೆ ಹೊಲದ ಅಂಚಿನಲ್ಲೇ. ಹೊಲದಲ್ಲಿ ಒಂದು ಬೆಳ್ಳಕ್ಕಿಯೂ ಇರಲಿಲ್ಲ. ಅಂಗಳದ ಹಗ್ಗದ ಮೇಲೆ ಬಿಳಿ ಬಟ್ಟೆಯೊಂದು ಒಣಗುತ್ತಿತ್ತು. ಅದು ಯಾವ ಬಟ್ಟೆಯೆಂದು ನೋಡಿದ ಕೂಡಲೇ ಗೊತ್ತಾಯಿತು. ಚಳಿಗಾಲದಲ್ಲಿ ನಮ್ಮ ಕಡೆ ಸಂಜೆ ಕಡಲೆ ಗಿಡಗಳ ಮೇಲೆ ಬಟ್ಟೆ ಹಾಸುತ್ತಾರೆ. ಎಲೆಯ ಹುಳಿ ಇಬ್ಬನಿಯ ಜೊತೆ ಬಟ್ಟೆಗೆ ಇಳಿಯುತ್ತದೆ. ಬೆಳಿಗ್ಗೆ ಅದನ್ನು ಹಿಂಡಿ ಬಾಟಲಿಗೆ ತುಂಬಿಡುತ್ತಾರೆ. ಹೊಟ್ಟೆನೋವಿಗೆ ಅದೇ ಮದ್ದು.

"ಬರ್ರಿ ಅಕ್ಕೋರ, ಕುಂಡ್ರಿ," ಎಂದಳು ಅಜ್ಜಿ. ಕೈಯಲ್ಲಿ ಬಾಟಲಿ, ಚಮಚ. "ಬೆಳಿಗ್ಗೆ ಹಿಂಡಿದ ಹುಳಿ ಕುಡಿಸೇನ್ರಿ. ನೋವು ಇಳೀವಲ್ದು. ಇನ್ನೊಮ್ಮಿ ಕೊಡಾಕ ಹೊಂಟಿದ್ದೆ."

ಬಾಟಲಿಯನ್ನು ಕಿತ್ತುಕೊಂಡೆ. "ಇದು ವಿಷ ಐತವ್ವಾ. ಆಟೋ ಕರಸ್ರಿ, ಜಲ್ದಿ."

ಹುಡುಗಿ ಚಾಪೆಯ ಮೇಲೆ ಬೆವರಿ ಒದ್ದೆಯಾಗಿದ್ದಳು. ಬಾಯಂಚಿನಲ್ಲಿ ಜೊಲ್ಲು ಇಳಿಯುತ್ತಿತ್ತು. ನನ್ನನ್ನು ಗುರುತಿಸಿ, "ನನ್ನ ಕೀಡಿ ಹೆಂಗೈತ್ರಿ ಅಕ್ಕೋರ?" ಎಂದಳು.

ಅವಳನ್ನು ಎತ್ತಿಕೊಂಡು ಅಂಗಳಕ್ಕೆ ಬಂದೆ.

ಆಟೋ ಲಕ್ಷ್ಮೇಶ್ವರದ ದಾರಿ ಹಿಡಿಯಿತು. ಮಗುವಿನ ತಲೆ ನನ್ನ ತೊಡೆಯ ಮೇಲಿತ್ತು. ಪಕ್ಕದಲ್ಲಿ ಅಜ್ಜಿ ಗಾಬರಿಯಿಂದ ಅದರ ಬಾಯಿ, ಗಲ್ಲ ಒರೆಸುತ್ತಲೇ ಇದ್ದಳು. ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು ಬಂದಿದ್ದಳು. ಅರ್ಧ ದಾರಿಯಲ್ಲಿ ನೋಡಿದೆ, ಅದು ಹಗ್ಗದ ಮೇಲಿದ್ದ ಬಿಳಿ ಬಟ್ಟೆ.